ರಜೆಯೇ ಇಲ್ಲದ ಶಾಲೆ

ಇಟಲಿಯ ಫ್ಲಾರೆನ್ಸಿನ ಈಶಾನ್ಯಕ್ಕೆ ಮುಜೆಲ್ಲೊ ಕಣಿವೆ. ಅಲ್ಲಿನ ವಿಕ್ಕಿಯೊ ಪಟ್ಟಣದವರೆಗೆ ರೈಲು ಸಿಗುತ್ತದೆ. ಚಿತ್ರಕಾರ ಜೊತ್ತೊ ಹುಟ್ಟಿದ್ದು ಈ ಸೀಮೆಯಲ್ಲೇ ಎನ್ನುತ್ತಾರೆ. ಅವನನ್ನು ಹುಡುಕಿಕೊಂಡು ಬರುವವರು ಪಟ್ಟಣದಲ್ಲೇ ಉಳಿಯುತ್ತಾರೆ. ರಜೆಯೇ ಇಲ್ಲದ ಆ ಶಾಲೆಯಿದ್ದ ಬಾರ್ಬಿಯಾನಕ್ಕೆ ಹೋಗುವವರು ಮೊಂತೆ ಜೊವಿ ಬೆಟ್ಟ ಹತ್ತಬೇಕು. ಹತ್ತಿದ ಮೇಲೂ ಊರೆಂಬುದು ಕಾಣುವುದಿಲ್ಲ. ಒಂದು ಹಳೆಯ ಇಗರ್ಜಿ, ಅದಕ್ಕೆ ಅಂಟಿಕೊಂಡ ಪಾದ್ರಿಗಳ ಮನೆ, ಕೆಳಗೊಂದು ಪುಟ್ಟ ಸ್ಮಶಾನ, ಅಷ್ಟೆ. ಉಳಿದ ಮನೆಗಳೆಲ್ಲ ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು, ನಮ್ಮ ಮಲೆನಾಡಿನ ಒಂಟಿಮನೆಗಳ ಹಾಗೆ.

ಕಾಲುದಾರಿಯುದ್ದಕ್ಕೂ ಫಲಕಗಳಿವೆ. ಇಟಲಿಯ ಸಂವಿಧಾನದ ಒಂದೊಂದು ವಿಧಿಗೂ ಶಾಲಾಮಕ್ಕಳು ಚಿತ್ರ ಬರೆದಿದ್ದಾರೆ. ಏದುಸಿರು ಬಿಡುತ್ತಾ ನಿಂತಲ್ಲೆಲ್ಲ ಓದಿಕೊಳ್ಳಬಹುದು. 34ನೆಯ ವಿಧಿಯ ಮುಂದೆ ಮಾತ್ರ ನಿಂತೇ ಮುಂದೆ ಹೋಗಬೇಕು. ಶಾಲೆ ಎಲ್ಲರಿಗೂ ತೆರೆದಿರಬೇಕು, ಕನಿಷ್ಠ ಎಂಟು ವರ್ಷದ ಶಿಕ್ಷಣ ಕಡ್ಡಾಯ ಮತ್ತು ಉಚಿತ ಎಂದು 1948ರಲ್ಲಿ ಜಾರಿಗೆ ಬಂದ ಆ ಸಂವಿಧಾನ ಹೇಳಿತ್ತು. ಆದರೆ ಈ ಬೆಟ್ಟದ ಮಕ್ಕಳಿಗೆ ಸಿಕ್ಕಿದ್ದು ಒಂದೇ ಕೋಣೆಯಲ್ಲಿ ಐದು ತರಗತಿ, ಒಬ್ಬರೇ ಶಿಕ್ಷಕರು. ಅದು ಮುಗಿದರೆ ಕುರಿ ಕಾಯುವುದು, ಇಲ್ಲವೇ ಹೊಲದ ಕೆಲಸ. ಏಕೋಪಾಧ್ಯಾಯ ಶಾಲೆಯಲ್ಲಿ ಕಲಿತ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1954ರ ಡಿಸೆಂಬರಿನಲ್ಲಿ ಲೊರೆಂಜೊ ಮಿಲಾನಿ ಎಂಬ ಪಾದ್ರಿ ಇಲ್ಲಿಗೆ ಬಂದರು. ವಯಸ್ಸು 31. ಫ್ಲಾರೆನ್ಸಿನ ಶ್ರೀಮಂತ ಮನೆತನದವರು, ಚಿತ್ರಕಲೆ ಕಲಿತು ಆಮೇಲೆ ಪಾದ್ರಿಯಾದವರು. ಹಿಂದೆ ಇದ್ದ ಕಾಲೆಂಜಾನೊದಲ್ಲಿ ಕೂಲಿಕಾರರಿಗೆ ರಾತ್ರಿಶಾಲೆ ನಡೆಸಿ, ರಾಜಕೀಯದಲ್ಲೂ ಮೇಲಿನವರಿಗೆ ಒಗ್ಗದ ಮಾತಾಡಿದ್ದರು. ಹಾಗಾಗಿ ಬಡ್ತಿಯ ಹೆಸರಿನಲ್ಲಿ ಈ ಎತ್ತಂಗಡಿ. ಆಗ ಇಲ್ಲಿಗೆ ರಸ್ತೆಯಿಲ್ಲ, ಕರೆಂಟಿಲ್ಲ, ನಲ್ಲಿ ನೀರಿಲ್ಲ. ಬಂದ ಮರುದಿನವೇ ಬೆಟ್ಟ ಇಳಿದು ಹೋಗಿ, ಇಲ್ಲಿನ ಸ್ಮಶಾನದಲ್ಲೇ ತಮ್ಮ ಸಮಾಧಿಗೆಂದು ಜಾಗ ಖರೀದಿಸಿಬಿಟ್ಟರಂತೆ. ವರ್ಗಾವಣೆಗೆ ಅರ್ಜಿ ಹಿಡಿದು ಓಡಾಡುವವರ ನಡುವೆ ಇದೊಂದು ವಿಚಿತ್ರ ಅರ್ಜಿಯೇ ಸರಿ.

ಪಾದ್ರಿಮನೆಯ ಕೋಣೆಯೇ ಶಾಲೆ. ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ದೊಡ್ಡ ಮೇಜುಗಳು. ಹಲಗೆಯ ಕಡೆ ಮುಖ ಮಾಡಿದ ಬೆಂಚುಗಳ ಸಾಲಿಲ್ಲ. ಈ ಮೇಜುಗಳ ಸುತ್ತ ಕೂತೇ ಪಾಠ, ಇವುಗಳ ಮೇಲೇ ಊಟ. ಗೋಡೆಗಳ ಮೇಲೆ ಮಕ್ಕಳು ಕೈಯಾರೆ ಬರೆದ ನಕಾಶೆಗಳು, ನಕ್ಷೆಗಳು. ಒಂದು ಕಡೆ ಇಂಗ್ಲಿಷಿನಲ್ಲಿ 'ಐ ಕೇರ್' ಎಂಬ ಬರಹ. ನಮಗೇನಂತೆ ಎನ್ನುತ್ತಿದ್ದ ಫ್ಯಾಸಿಸ್ಟರ ಧೋರಣೆಗೆ ಎದುರಾಗಿ ಮಿಲಾನಿ ಆರಿಸಿಕೊಂಡದ್ದು ಅದು.

1956ರಲ್ಲಿ ಪ್ರಾಥಮಿಕ ಮುಗಿಸಿದ ಆರು ಹುಡುಗರೊಂದಿಗೆ ಮುಂದಿನ ತರಗತಿಗಳ ಪಾಠ ಶುರುವಾಯಿತು. ದಿನಕ್ಕೆ ಹನ್ನೆರಡು ಗಂಟೆ, ವರ್ಷಕ್ಕೆ 365 ದಿನ. ಭಾನುವಾರವೂ ಇತ್ತು, ಬೇಸಿಗೆಯಲ್ಲೂ ಇತ್ತು. ಹುಡುಗರು ದೂರಲಿಲ್ಲ, ಏಕೆಂದರೆ ಶಾಲೆಗೆ ಬಾರದಿದ್ದರೆ ದನದ ಕೊಟ್ಟಿಗೆಯ ಸಗಣಿ ಬಾಚಬೇಕಿತ್ತು. ಪುಸ್ತಕ ಒಂದೊಂದೇ ಪ್ರತಿ. ಎಲ್ಲರೂ ಸುತ್ತ ನೆರೆದು ಓದುವುದು. ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಿ ಒಂದೊಂದು ಪದವನ್ನೂ ಕೆದಕುವುದು. ದೊಡ್ಡವನು ಚಿಕ್ಕವನಿಗೆ ಹೇಳಿಕೊಡುವುದು. ಹಿಂದೆ ಬಿದ್ದವನಿಗೆ ಅರ್ಥವಾಗುವ ತನಕ ಪಾಠ ಮುಂದೆ ಸಾಗುತ್ತಿರಲಿಲ್ಲ.

ಇದೇ ಮೇಜುಗಳ ಮೇಲೆ ಒಂದು ಪುಸ್ತಕ ಹುಟ್ಟಿತು. 1967ರ ಮೇ ತಿಂಗಳಲ್ಲಿ ಅಚ್ಚಾದ ಅದು, ಮಕ್ಕಳನ್ನು ಫೇಲು ಮಾಡುವ ಒಬ್ಬ ಶಿಕ್ಷಕಿಗೆ ಎಂಟು ಹುಡುಗರು ಸೇರಿ ಬರೆದ ಪತ್ರ. ಬರೆದ ಕ್ರಮ ಹೀಗೆ: ಪ್ರತಿಯೊಬ್ಬನ ಜೇಬಲ್ಲೂ ಒಂದು ಟಿಪ್ಪಣಿ ಪುಸ್ತಕ. ಹೊಳೆದದ್ದನ್ನೆಲ್ಲ ಅದರಲ್ಲಿ ಗೀಚಿಕೊಳ್ಳುವುದು, ಒಂದು ಯೋಚನೆಗೆ ಒಂದು ಚೀಟಿ. ಒಂದು ದಿನ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಮರುಕಳಿಸಿದ್ದನ್ನು ಎಸೆದು, ಒಂದೇ ಜಾತಿಯವನ್ನು ಗುಡ್ಡೆ ಹಾಕುವುದು. ಗುಡ್ಡೆಗಳು ಅಧ್ಯಾಯಗಳಾಗುತ್ತವೆ. ಆಮೇಲೆ ಶುರು ಕತ್ತರಿಯ ಕೆಲಸ. ಉದ್ದ ಪದ, ಒಣ ವಿಶೇಷಣ, ಒಂದೇ ವಾಕ್ಯದಲ್ಲಿ ತುರುಕಿದ ಎರಡು ಮಾತು, ಎಲ್ಲಕ್ಕೂ ಕತ್ತರಿ. ಹೊರಗಿನವರನ್ನು ಕರೆದು ಓದಿಸಿ, ಅರ್ಥವಾಗದ ಕಡೆ ಮತ್ತೆ ತಿದ್ದುಪಡಿ. ಹೆಚ್ಚು ಓದದವರು ಬಂದರೆ ಒಳ್ಳೆಯದು. ಯಾರ ಹೆಸರೂ ಇಲ್ಲದ ಬರವಣಿಗೆ.

ಶಾಲೆ ಬಿಟ್ಟವರ ಲೆಕ್ಕವನ್ನು ಹುಡುಗರೇ ಕೂಡಿಹಾಕಿ, ಹೊರಬಿದ್ದವರು ಯಾರ ಮಕ್ಕಳೆಂದು ತೋರಿಸಿದರು. ರೈತನ ಮಗ ಜನ್ನಿ, ಡಾಕ್ಟರನ ಮಗ ಪಿಯೆರಿನೊ. ಇಬ್ಬರೂ ಪುಸ್ತಕದಲ್ಲಿ ಬಂದು ಇಟಲಿಯಲ್ಲಿ ಮನೆಮಾತಾದರು. 5 ಮತ್ತು 8ನೆಯ ತರಗತಿಯಲ್ಲಿ ಫೇಲು ಮಾಡಬಹುದೇ ಎಂದು ನಮ್ಮಲ್ಲಿ 2019ರ ಆರ್‌ಟಿಇ ತಿದ್ದುಪಡಿಯಿಂದಾಚೆ ನಡೆದಿರುವ ಜಗಳದಲ್ಲಿ ಎಲ್ಲರೂ ಮಾತಾಡಿದ್ದಾರೆ, ಫೇಲಾದ ಮಕ್ಕಳನ್ನು ಬಿಟ್ಟು.

ಕೆಳಗೆ ಕಾರ್ಯಾಗಾರವಿದೆ. ಮರಗೆಲಸ, ಕಬ್ಬಿಣದ ಕೆಲಸಗಳ ಸಲಕರಣೆಗಳು ಹಾಗೇ ಇವೆ. ಪಾಠಕ್ಕೆ ಬೇಕಾದ ಉಪಕರಣಗಳನ್ನು ಹುಡುಗರು ತಾವೇ ಮಾಡಿಕೊಂಡರು. ಹೊರಗೆ ಬಂದರೆ ಒಂದು ಈಜುಕೊಳ. ಕೊಳ ಅನ್ನುವುದು ಮರ್ಯಾದೆಯ ಮಾತು, ದೊಡ್ಡ ತೊಟ್ಟಿ ಅಷ್ಟೆ. ಬೆಟ್ಟದ ಮಕ್ಕಳಿಗೆ ನೀರೆಂದರೆ ಭಯ. ಆ ಭಯ ಬಿಡಿಸಲೆಂದೇ ತೋಡಿದ್ದು. ಇಡೀ ಶಾಲೆಯಲ್ಲಿ ನನಗೆ ಅತಿ ಇಷ್ಟವಾದ ಪಠ್ಯಕ್ರಮ ಇದೇ.

ಎಲ್ಲವನ್ನೂ ಹೊಗಳಬೇಕಿಲ್ಲ. ಮಿಲಾನಿ ಬಲು ಬಿಗಿ, ಕೈ ಎತ್ತುವುದಕ್ಕೂ ಹಿಂಜರಿದವರಲ್ಲ. ಆಟವನ್ನು ಕಾಲಹರಣವೆಂದೇ ತಿಳಿದಿದ್ದರು. ಹುಡುಗಿಯರು ಬಂದದ್ದು ಬೆರಳೆಣಿಕೆ. ಒಬ್ಬ ಮನುಷ್ಯ ತನ್ನ ಹಗಲಿರುಳನ್ನೆಲ್ಲ ಸುರಿದರೆ ಮಾತ್ರ ನಡೆಯುವ ಶಾಲೆಯನ್ನು ಜಿಲ್ಲೆಗೆ ನೂರರಂತೆ ತೆರೆಯಲಾಗದು. ಪುಸ್ತಕ ಬಂದ ಮರುತಿಂಗಳು, 1967ರ ಜೂನ್ 26ರಂದು, ಲಿಂಫೋಮಾ ಕ್ಯಾನ್ಸರಿನಿಂದ ಅವರು ತೀರಿಕೊಂಡರು. 44 ವರ್ಷ. ಶಾಲೆಯೂ ಹೆಚ್ಚು ದಿನ ಉಳಿಯಲಿಲ್ಲ. ಪಾದ್ರಿಯ ನಿಲುವಂಗಿ ತೊಡಿಸಿ, ಕಾಲಿಗೆ ಬೆಟ್ಟ ಹತ್ತುವ ಬೂಟು ಹಾಕಿ, ಮೊದಲೇ ಕೊಂಡಿದ್ದ ಆ ಜಾಗದಲ್ಲೇ ಮಣ್ಣು ಮಾಡಿದ್ದಾರೆ. ಬದುಕಿದ್ದಾಗ ಮೂಲೆಗೆ ತಳ್ಳಿದ ಚರ್ಚಿನ ಪರವಾಗಿ 2017ರ ಜೂನ್ 20ರಂದು ಪೋಪ್ ಫ್ರಾನ್ಸಿಸ್ ಇಲ್ಲಿಗೇ ಬಂದು ಪ್ರಾರ್ಥಿಸಿದರು.

ಮಿಲಾನಿ ಹೆಸರಿನ ಪ್ರತಿಷ್ಠಾನವೊಂದು ಜಾಗವನ್ನು ಇದ್ದಂತೆಯೇ ಕಾಯ್ದುಕೊಂಡಿದೆ. ಹಳೆಯ ವಿದ್ಯಾರ್ಥಿಗಳು ಅದರಲ್ಲಿ ದುಡಿದವರು. ಶಾಲೆಯೊಳಗೆ ಹೋಗಬೇಕಾದರೆ ಮೊದಲೇ ತಿಳಿಸಿ ಸಮಯ ಗೊತ್ತುಮಾಡಿಕೊಳ್ಳಬೇಕು. ಹೆಚ್ಚಾಗಿ ಬರುವವರು ಮೇಷ್ಟ್ರುಗಳು, ಶಾಲಾಮಕ್ಕಳ ಗುಂಪುಗಳು. ಕುಡಿಯುವ ನೀರು, ಬುತ್ತಿ ಕಟ್ಟಿಕೊಂಡೇ ಹತ್ತುವುದು ಒಳ್ಳೆಯದು. ಹಿಡಿತವಿರುವ ಬೂಟು ಇರಲಿ, ಮಳೆ ಬಿದ್ದರೆ ದಾರಿ ಜಾರುತ್ತದೆ.