ಸ್ಥಾವರದ ಮೇಲೆ ವಿಮಾನ ಹಾರುವಂತಿಲ್ಲ ಎಂದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದರ್ಥವೇ?

ರಾಸಾಯನಿಕ ಕಾರ್ಖಾನೆಗೆ ಬೆಂಕಿ ಬಿದ್ದಾಗ, ಅಣುವಿದ್ಯುತ್ ಸ್ಥಾವರದ ಸುತ್ತ ನೆರೆ ನೀರು ನಿಂತಾಗ ಅಲ್ಲಿ ವಿಮಾನ, ಹೆಲಿಕಾಪ್ಟರ್ ಹಾರಬಾರದು ಎಂಬ ಆದೇಶ ಬರುವುದುಂಟು. ಅದರ ಬೆನ್ನಲ್ಲೇ ಇನ್ನೊಂದು ಮಾತು ಹಬ್ಬುತ್ತದೆ: ‘ಆಕಾಶವನ್ನೇ ಮುಚ್ಚಿದ್ದಾರೆ ಅಂದಮೇಲೆ ಒಳಗೆ ದೊಡ್ಡದೇನೋ ಆಗಿದೆ. ಕ್ಯಾಮೆರಾ ಕಣ್ಣಿಗೆ ಬೀಳಬಾರದು, ಅಷ್ಟೇ.’

ಇದು ನಿಜವೇ? ಈ ವದಂತಿ ಜೋರಾಗಿ ಓಡಾಡಿದ ಒಂದು ಪ್ರಕರಣವನ್ನು ನಾವು ಇಲ್ಲಿ ಬಿಡಿಸಿ ನೋಡುತ್ತೇವೆ.

ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ, ಒಮಾಹಾ ನಗರದ ಉತ್ತರಕ್ಕೆ, ಮಿಸೌರಿ ನದಿಯ ದಡದಲ್ಲಿ ಫೋರ್ಟ್ ಕ್ಯಾಲ್ಹೂನ್ ಎಂಬ ಅಣುವಿದ್ಯುತ್ ಸ್ಥಾವರವಿತ್ತು. 2011ರ ಬೇಸಿಗೆಯಲ್ಲಿ ನದಿ ಉಕ್ಕಿ ಹರಿದು ಸ್ಥಾವರದ ಸುತ್ತಲಿನ ಜಾಗ ದ್ವೀಪದಂತಾಯಿತು. ಇಂಧನ ಬದಲಿಸಲೆಂದು ರಿಯಾಕ್ಟರನ್ನು ಏಪ್ರಿಲ್‌ನಲ್ಲೇ ನಿಲ್ಲಿಸಲಾಗಿತ್ತು. ಜೂನ್ 6ರಂದು ಅಮೆರಿಕದ ವಿಮಾನಯಾನ ಆಡಳಿತ, ಅಂದರೆ ಎಫ್‌ಎಎ, ಅಲ್ಲಿ ತಾತ್ಕಾಲಿಕ ಹಾರಾಟ ನಿರ್ಬಂಧ ಹೇರಿತು. ಮರುದಿನ, ಜೂನ್ 7ರಂದು, ಸ್ಥಾವರದ ವಿದ್ಯುತ್ ಸ್ವಿಚ್‌ಗೇರ್ ಕೋಣೆಯಲ್ಲಿ ಬೆಂಕಿ ಕಾಣಿಸಿಕೊಂಡು, ಬಳಸಿ ತೆಗೆದ ಇಂಧನವನ್ನು ಇಡುವ ಕೊಳದ ತಂಪು ವ್ಯವಸ್ಥೆ ಸುಮಾರು ಒಂದೂವರೆ ತಾಸು ನಿಂತುಹೋಯಿತು.

ಫುಕುಶಿಮಾ ದುರಂತ ನಡೆದು ಆಗಿನ್ನೂ ಮೂರು ತಿಂಗಳು. ನೆರೆ, ಬೆಂಕಿ, ಹಾರಾಟ ನಿಷೇಧ ಮೂರನ್ನೂ ಪೋಣಿಸಿ ಕಥೆ ಕಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ರಿಯಾಕ್ಟರ್ ಕರಗುವ ಹಂತ ತಲುಪಿದೆ, ಸುದ್ದಿ ಹೊರಬಾರದಂತೆ ಅಮೆರಿಕ ಸರ್ಕಾರವೇ ತಡೆದಿದೆ ಎಂದು ಪಾಕಿಸ್ತಾನದ ಪತ್ರಿಕೆಯೊಂದು ರಷ್ಯಾದ ಅಣುಶಕ್ತಿ ಸಂಸ್ಥೆಯ ಹೆಸರು ಹೇಳಿ ಬರೆಯಿತು. ಅದು ಅಂತರ್ಜಾಲದಲ್ಲಿ ಜಗತ್ತೆಲ್ಲ ಸುತ್ತಿತು. ಸ್ಥಾವರ ನಡೆಸುತ್ತಿದ್ದ ಸಂಸ್ಥೆ ವದಂತಿಗಳಿಗೆ ಉತ್ತರ ಕೊಡಲೆಂದೇ ತನ್ನ ಜಾಲತಾಣದಲ್ಲಿ ಬೇರೆ ಪುಟ ತೆರೆಯಬೇಕಾಯಿತು.

ದಿನಾಂಕಗಳನ್ನು ಇನ್ನೊಮ್ಮೆ ನೋಡಿ. ನಿರ್ಬಂಧ ಬಂದದ್ದು 6ಕ್ಕೆ, ಬೆಂಕಿ ಬಿದ್ದದ್ದು 7ಕ್ಕೆ. ಬೆಂಕಿಯನ್ನು ಮುಚ್ಚಿಡಲು ಹಿಂದಿನ ದಿನವೇ ಆಕಾಶ ಮುಚ್ಚಲು ಯಾರಿಂದಲೂ ಆಗದು.

ಆದೇಶದಲ್ಲಿ ಏನಿತ್ತು?

ಇಂಥ ಆದೇಶಗಳು ಗುಟ್ಟಿನ ಕಾಗದಗಳಲ್ಲ. ಪೈಲಟ್‌ಗಳು ಹೊರಡುವ ಮುನ್ನ ನೋಡಲೇಬೇಕಾದ ಸೂಚನೆಗಳಿವು, ‘ನೋಟಾಮ್’ ಎಂದು ಕರೆಯುತ್ತಾರೆ. ಯಾರು ಬೇಕಾದರೂ ಓದಬಹುದು. ಫೋರ್ಟ್ ಕ್ಯಾಲ್ಹೂನ್‌ನ ಸೂಚನೆಯಲ್ಲಿ ಎರಡು ಅಂಕಿಗಳಿದ್ದವು: ಸುತ್ತಳತೆಗೆ 2 ನಾಟಿಕಲ್ ಮೈಲಿ ತ್ರಿಜ್ಯ, ಅಂದರೆ ಸುಮಾರು 3.7 ಕಿ.ಮೀ, ಎತ್ತರ ಸಮುದ್ರಮಟ್ಟದಿಂದ 3,500 ಅಡಿಯವರೆಗೆ. ಆ ಜಾಗದ ನೆಲವೇ ಸಮುದ್ರಮಟ್ಟದಿಂದ ಸುಮಾರು 1,000 ಅಡಿ ಮೇಲಿದೆ. ಹಾಗಾಗಿ ನಿಜವಾಗಿ ಮುಚ್ಚಿದ್ದು ನೆಲದಿಂದ 2,500 ಅಡಿಯಷ್ಟು ಮಾತ್ರ. ಅದಕ್ಕಿಂತ ಮೇಲೆ ಹಾರಲು ಅಡ್ಡಿಯಿರಲಿಲ್ಲ. ನೀರಿನ ನಡುವೆ ನಿಂತ ಸ್ಥಾವರದ ವೈಮಾನಿಕ ಚಿತ್ರಗಳನ್ನು ಸುದ್ದಿಸಂಸ್ಥೆಯವರು ಅದೇ ತಿಂಗಳು ತೆಗೆದು ಹಂಚಿದರು. ತಮಾಷೆಯೆಂದರೆ, ‘ಸುದ್ದಿಗೆ ತಡೆ’ ಎಂಬ ಬರಹಗಳ ಜೊತೆ ಓಡಾಡಿದ್ದೂ ಅಂಥ ಚಿತ್ರಗಳೇ.

ವಿಕಿರಣ ಸೋರಿಕೆಗೆ ಹೆದರಿ ಹೇರುವ ನಿರ್ಬಂಧ ಇಷ್ಟು ಚಿಕ್ಕದಾಗಿರುವುದಿಲ್ಲ. ವಿಕಿರಣಶೀಲ ಕಣಗಳು ಗಾಳಿ ಬೀಸಿದತ್ತ ಹೋಗುತ್ತವೆ, 3.7 ಕಿ.ಮೀ. ಗೆರೆ ಅವುಗಳಿಗೆ ಲೆಕ್ಕಕ್ಕಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಜಪಾನ್ ಫುಕುಶಿಮಾದ ಸುತ್ತ 30 ಕಿ.ಮೀ. ಆಕಾಶವನ್ನು ಮುಚ್ಚಿತ್ತು.

ಹಾಗಾದರೆ ಚಿಕ್ಕ ವೃತ್ತ ಯಾತಕ್ಕೆ? ಅಮೆರಿಕದ ನಿಯಮ ಇಂಥ ತಾತ್ಕಾಲಿಕ ನಿರ್ಬಂಧಕ್ಕೆ ಮೂರು ಕಾರಣ ಹೇಳುತ್ತದೆ. ನೆಲದ ಮೇಲಿನ ಅವಘಡದಿಂದ ಜನರಿಗೆ, ಆಸ್ತಿಗೆ, ವಿಮಾನಕ್ಕೆ ಅಪಾಯ ಆಗಬಾರದು ಎನ್ನುವುದು ಮೊದಲನೆಯದು. ಪರಿಹಾರ ಕೆಲಸದ ವಿಮಾನಗಳಿಗೆ ದಾರಿ ಸುಗಮವಾಗಿರಬೇಕು ಎನ್ನುವುದು ಎರಡನೆಯದು. ನೋಡಲು ಬಂದವರಿಂದಲೇ ಆಕಾಶದಲ್ಲಿ ಗುಂಪುಗೂಡಬಾರದು ಎನ್ನುವುದು ಮೂರನೆಯದು. ನೋಡುವ ಚಪಲ ನೆಲದ ಮೇಲಿರುವವರಿಗೆ ಮಾತ್ರ ಇರುವುದಿಲ್ಲವಲ್ಲ. ಅನಿಲ ಸೋರುವ ಕಾರ್ಖಾನೆಯಾದರೆ ಕೆಳಮಟ್ಟದಲ್ಲಿ ಬಂದ ಹೆಲಿಕಾಪ್ಟರ್‌ನ ರೆಕ್ಕೆಗಾಳಿ ಅನಿಲವನ್ನು ಎತ್ತೆತ್ತಲೋ ಎರಚಬಹುದು, ಎಂಜಿನ್‌ನ ಬಿಸಿಗೆ ಅದು ಹೊತ್ತಿಕೊಳ್ಳಲೂಬಹುದು. ದೊಡ್ಡ ಬೆಂಕಿಯ ಮೇಲೇಳುವ ಬಿಸಿಗಾಳಿ ಸಣ್ಣ ವಿಮಾನವನ್ನು ಅಲುಗಾಡಿಸಿಬಿಡುತ್ತದೆ.

ಅನುಮಾನಕ್ಕೂ ಇಲ್ಲಿ ಸ್ವಲ್ಪ ಜಾಗವಿದೆ. ಎರಡನೆಯ ಮತ್ತು ಮೂರನೆಯ ಕಾರಣದ ನಿರ್ಬಂಧಗಳಲ್ಲಿ ಪತ್ರಕರ್ತರ ವಿಮಾನಕ್ಕೆ ಷರತ್ತಿನ ಮೇಲೆ ಅವಕಾಶವಿದೆ. ಮೊದಲನೆಯದರಲ್ಲಿ ಹಾಗಿಲ್ಲ, ಪರಿಹಾರ ಕೆಲಸದ ಹೊಣೆ ಹೊತ್ತ ಅಧಿಕಾರಿಯ ಕೈಕೆಳಗೆ ಹಾರುವವರಿಗಷ್ಟೇ ಪ್ರವೇಶ. ಫೋರ್ಟ್ ಕ್ಯಾಲ್ಹೂನ್‌ನಲ್ಲಿ ಬಳಸಿದ್ದು ಈ ಮೊದಲನೆಯದನ್ನೇ. ಹೀಗಾಗಿ ಪತ್ರಕರ್ತರು ಯಾವ ಕಾರಣದ ಮೇಲೆ, ಎಷ್ಟು ದಿನ ಎಂದು ಕೇಳುವುದು ನ್ಯಾಯವೇ ಎಂದು ನಮಗನ್ನಿಸುತ್ತದೆ.

ಅವಘಡ ಆಗದಿದ್ದರೂ ನಿರ್ಬಂಧ

ಕೆಲವು ಕಡೆ ಇದು ಸದಾ ಇರುತ್ತದೆ. ಫ್ರಾನ್ಸ್‌ನಲ್ಲಿ ಅಣುಸ್ಥಾವರಗಳ ಸುತ್ತ 5 ಕಿ.ಮೀ., 1,000 ಮೀಟರ್ ಎತ್ತರದವರೆಗೆ ಹಾರುವಂತಿಲ್ಲ. ಅಮೆರಿಕದಲ್ಲಿ ಸ್ಥಾವರ, ಅಣೆಕಟ್ಟು, ತೈಲ ಶುದ್ಧೀಕರಣ ಘಟಕಗಳ ಮೇಲೆ ಸುತ್ತುಹಾಕುತ್ತ ನಿಲ್ಲಬೇಡಿ ಎಂದು ಪೈಲಟ್‌ಗಳಿಗೆ ಸೂಚಿಸಲಾಗಿದೆ. ನಮ್ಮಲ್ಲಿ 2021ರ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿವೆ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಮದುವೆ ಚಿತ್ರೀಕರಣದ ಡ್ರೋನ್ ಕೂಡ ಹಾರುವಂತಿಲ್ಲ. ನಕ್ಷೆಯಲ್ಲಿ ನಿಮ್ಮೂರ ಹತ್ತಿರ ಕೆಂಪು ಕಂಡರೆ ಅಲ್ಲಿ ಏನೋ ಸೋರುತ್ತಿದೆ ಎಂದಲ್ಲ.

ಇನ್ನು ಫೋರ್ಟ್ ಕ್ಯಾಲ್ಹೂನ್‌ನಲ್ಲಿ ಎಲ್ಲವೂ ಸರಿಯಾಗಿತ್ತೇ? ಇರಲಿಲ್ಲ. ನೆರೆ ಎದುರಿಸುವ ತಯಾರಿ ಸಾಲದು ಎಂದು ಅಮೆರಿಕದ ಅಣುನಿಯಂತ್ರಣ ಆಯೋಗ 2010ರಲ್ಲೇ ‘ಹಳದಿ’ ದರ್ಜೆಯ ಲೋಪ ದಾಖಲಿಸಿತ್ತು. ಆ ಎಚ್ಚರಿಕೆಯ ನಂತರ ಮಾಡಿಕೊಂಡ ಸಿದ್ಧತೆ 2011ರಲ್ಲಿ ನೆರವಿಗೆ ಬಂತು. ಜೂನ್ 7ರ ಬೆಂಕಿಯಲ್ಲಿ ಕೊಳದ ನೀರು ಕುದಿಯಲು ಮೂರು ದಿನಕ್ಕೂ ಹೆಚ್ಚು ಬೇಕಿತ್ತು, ತಂಪು ವ್ಯವಸ್ಥೆ ಬೇಗ ಮರಳಿತು. ಆದರೂ ಆ ಬೆಂಕಿಗೆ ಕಾರಣವಾದ ಲೋಪಕ್ಕೆ ಆಯೋಗ 2012ರಲ್ಲಿ ‘ಕೆಂಪು’ ದರ್ಜೆ ಕೊಟ್ಟಿತು. ಅದಕ್ಕಿಂತ ಗಂಭೀರ ದರ್ಜೆ ಅವರಲ್ಲಿಲ್ಲ. ಇವೆಲ್ಲ ಬಹಿರಂಗ ದಾಖಲೆಗಳು. ಜನ ಆಕಾಶ ನೋಡುತ್ತ ಕೂತಾಗ ಈ ಕಾಗದಗಳನ್ನು ತಿರುವಿದವರು ಕಡಿಮೆ.

ರಿಯಾಕ್ಟರ್ ಮತ್ತೆ ಶುರುವಾಗಿದ್ದು 2013ರ ಡಿಸೆಂಬರ್‌ನಲ್ಲಿ. ಖರ್ಚು ಗಿಟ್ಟುವುದಿಲ್ಲವೆಂದು 2016ರ ಅಕ್ಟೋಬರ್‌ನಲ್ಲಿ ಅದನ್ನು ಶಾಶ್ವತವಾಗಿ ನಿಲ್ಲಿಸಲಾಯಿತು.