ಬೊಗಳಿದ್ದೇ ಬೆಲ್ಲನ ತಪ್ಪಾ?

ಕಳೆದ ಬೇಸಿಗೆಯಲ್ಲಿ ಅಮ್ಮ ಶಿವಮೊಗ್ಗದಿಂದ ಅಮೆರಿಕದ ಮೇರಿಲ್ಯಾಂಡಿನ ನಮ್ಮನೆಗೆ ಬಂದಿದ್ರು. ಒಂದು ಮಧ್ಯಾಹ್ನ ನಾವಿಬ್ಬರೂ ಆಫೀಸಿನಲ್ಲಿದ್ದಾಗ, ಬಟ್ಟೆ ಒಣಹಾಕೋಕೆ ಅಂತ ಹಿಂಬಾಗಿಲು ತೆಗೆದರು. ಕಳ್ಳರ ಅಲಾರಂ ಹೊಡೆದುಕೊಳ್ತು. ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ಪೊಲೀಸ್! ನಮ್ಮ ಲ್ಯಾಬ್ರಡಾರ್ ಬೆಲ್ಲ ಬೊಗಳುತ್ತಾ ಓಡಿದ. ಪೊಲೀಸಿನವನ ಕೈ ಸೊಂಟದ ಪಿಸ್ತೂಲಿಗೆ ಹೋಯಿತು. ಇಂಗ್ಲಿಷ್ ಬಾರದ ಅಮ್ಮ, "ಬೆಲ್ಲಾ, ಬಾರೋ ಇಲ್ಲಿ" ಅಂತ ಕೂಗಿ ಅವನ ಕುತ್ತಿಗೆ ಪಟ್ಟಿ ಹಿಡಿದುಕೊಂಡರು. ಸದ್ಯ, ಏನೂ ಆಗಲಿಲ್ಲ.

ಸಂಜೆ ಅಮ್ಮ ಕೇಳಿದ್ದು ಒಂದೇ: "ಬೊಗಳೋದು ಅದರ ಕೆಲಸ ಅಲ್ವೇನೋ? ಅದಕ್ಕೂ ಗುಂಡು ಹೊಡೀತಾರಾ?"

ಹೊಡೆದಿದ್ದಾರೆ, ಇದೇ ರಾಜ್ಯದಲ್ಲಿ. 2008ರ ಜುಲೈ 29ರಂದು ಬರ್ವಿನ್ ಹೈಟ್ಸ್ ಎಂಬ ಪುಟ್ಟ ಊರಿನ ಮೇಯರ್ ಚೇ ಕ್ಯಾಲ್ವೋ ಮನೆಗೆ ಪೊಲೀಸರು ಬಾಗಿಲು ಒಡೆದು ನುಗ್ಗಿದರು. ಅವರ ಹೆಂಡತಿ ಹೆಸರಿಗೆ ಬಂದಿದ್ದ ಪಾರ್ಸೆಲ್‌ನಲ್ಲಿ ಗಾಂಜಾ ಇತ್ತು. ಪೇಟನ್, ಚೇಸ್ ಎಂಬ ಎರಡು ಕಪ್ಪು ಲ್ಯಾಬ್ರಡಾರ್‌ಗಳನ್ನು ಗುಂಡಿಟ್ಟು ಕೊಂದರು. ಕಳ್ಳಸಾಗಣೆದಾರರು ಅಮಾಯಕರ ವಿಳಾಸ ಬಳಸುತ್ತಿದ್ದರು, ಆ ಕುಟುಂಬದ್ದೇನೂ ತಪ್ಪಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಕ್ಯಾಲ್ವೋ ಸುಮ್ಮನಿರಲಿಲ್ಲ. ಇಂಥ ವಿಶೇಷ ಪಡೆಗಳ ದಾಳಿಯ ಲೆಕ್ಕ ಕೊಡಬೇಕೆಂಬ ಕಾನೂನು 2009ರಲ್ಲಿ ಮೇರಿಲ್ಯಾಂಡ್‌ನಲ್ಲಿ ಬಂತು.

ಕಾನೂನು ಏನನ್ನುತ್ತೆ?

ನಮಗೆ ಬೆಲ್ಲ ಮನೆಮಗ. ಕಾನೂನಿಗೆ ಅವನು ಆಸ್ತಿ. ವಿಚಿತ್ರ ಅಂದ್ರೆ, ಅವನಿಗೆ ರಕ್ಷಣೆ ಸಿಗೋದೂ ಅದರಿಂದಲೇ. ಜನರ ಮನೆ, ವಸ್ತುಗಳನ್ನು ಸಕಾರಣವಿಲ್ಲದೆ ವಶಪಡಿಸಿಕೊಳ್ಳುವಂತಿಲ್ಲ ಎನ್ನುತ್ತದೆ ಅಮೆರಿಕ ಸಂವಿಧಾನದ ನಾಲ್ಕನೇ ತಿದ್ದುಪಡಿ. ನಾಯಿಯನ್ನು ಕೊಲ್ಲುವುದೂ ಅಂಥ 'ವಶ'ವೇ ಎಂದು ಹಲವು ಫೆಡರಲ್ ನ್ಯಾಯಾಲಯಗಳು ಹೇಳಿವೆ. ಆದರೆ ನಾಯಿಯಿಂದ ತಕ್ಷಣದ ಅಪಾಯವಿತ್ತು ಎಂದು ಪೊಲೀಸರಿಗೆ ಅನ್ನಿಸಲು ಸಕಾರಣವಿದ್ದರೆ ಗುಂಡು ಹಾರಿಸಿದ್ದು ತಪ್ಪಾಗುವುದಿಲ್ಲ. 2016ರಲ್ಲಿ ಮಿಷಿಗನ್‌ನ ಬ್ಯಾಟಲ್ ಕ್ರೀಕ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಈ ಲೆಕ್ಕದಲ್ಲೇ ಪೊಲೀಸರ ಪರ ತೀರ್ಪು ಕೊಟ್ಟಿತು. ಕೊಲೊರಾಡೊದ ದಾರಿ ಬೇರೆ: 2013ರಿಂದ ಅಲ್ಲಿ ನಾಯಿಗಳ ನಡವಳಿಕೆ ಬಗ್ಗೆ ಪೊಲೀಸರಿಗೆ ತರಬೇತಿ ಕಡ್ಡಾಯ.

ನೀವೂ ಇಲ್ಲಿದ್ದರೆ, ಮನೆಯಲ್ಲಿ ನಾಯಿಯಿದ್ದರೆ

* 911ಕ್ಕೆ ಫೋನ್ ಮಾಡಿದರೆ "ಮನೇಲಿ ನಾಯಿ ಇದೆ" ಅಂತ ಮೊದಲೇ ಹೇಳಿ. ಅಲಾರಂ ಕಂಪನಿಗೂ ತಿಳಿಸಿಡಿ.
* ಪೊಲೀಸರು ಬಾಗಿಲು ತಟ್ಟಿದರೆ, "ನಾಯಿ ಕಟ್ಟಿಹಾಕಿ ಬರ್ತೀನಿ" ಅಂತ ಒಳಗಿಂದಲೇ ಕೂಗಿ ಹೇಳಿ.
* ವಾರಂಟ್ ಇಲ್ಲದಿದ್ದರೆ, ತುರ್ತು ಸಂದರ್ಭವೂ ಅಲ್ಲದಿದ್ದರೆ, ಒಳಗೆ ಬಿಡಲೇಬೇಕೆಂದಿಲ್ಲ. ವಾರಂಟ್ ಇದ್ದರೆ ಅಡ್ಡ ನಿಲ್ಲಬೇಡಿ.

ಹಕ್ಕಿನ ಮಾತೆಲ್ಲ ಕೋರ್ಟಿಗೆ ಹೋದಮೇಲೆ. ಆ ಕ್ಷಣಕ್ಕೆ ಬೆಲ್ಲನನ್ನು ಉಳಿಸಿದ್ದು ಅಮ್ಮನ ಕೈಗೆ ಸಿಕ್ಕಿದ ಕುತ್ತಿಗೆ ಪಟ್ಟಿ. ಈಗ ನಮ್ಮನೆ ಹಿಂಬಾಗಿಲಿಗೆ 'ನಾಯಿಯಿದೆ' ಬೋರ್ಡು ಇದೆ. ಅಲಾರಂ ಆಫ್ ಮಾಡೋದು ಅಮ್ಮನಿಗೂ ಬರುತ್ತೆ.