ಪುಂಡ ಹುಡುಗನಿಗೆ ದೊರೆತ ಹಿರಿಯ ಗೆಳೆಯ

ಫ್ರಾನ್ಸಿನ ಚಿತ್ರನಿರ್ದೇಶಕ ಫ್ರಾಂಸ್ವಾ ತ್ರುಫೋನ ಹೆಸರನ್ನು ಸಿನಿಮಾಪ್ರಿಯರಾದ ವಾಚಕರು ಕೇಳಿರಬಹುದು. ಅವನನ್ನು ಎರಡು ಬಾರಿ ಸೆರೆಯಿಂದ ಬಿಡಿಸಿದ ಆಂದ್ರೆ ಬಾಜಾನರನ್ನು ಬಲ್ಲವರು ವಿರಳ.

1948ರಲ್ಲಿ ತ್ರುಫೋನಿಗೆ 16 ವರ್ಷ. ಶಾಲೆ ಬಿಟ್ಟವನು; ಸುಳ್ಳು, ಸಣ್ಣಪುಟ್ಟ ಕಳ್ಳತನ ಎರಡೂ ಉಂಟು. ಸಿನಿಮಾ ಎಂದರೆ ಮಾತ್ರ ಪ್ರಾಣ. ಪ್ಯಾರಿಸಿನಲ್ಲಿ ತಾನೇ ಒಂದು ಚಿತ್ರಸಂಘ ತೆರೆದ. ಬಾಜಾನರ ಸಂಘವೂ ಅದೇ ವೇಳೆಗೆ ಚಿತ್ರ ತೋರಿಸುತ್ತಿತ್ತು. ಹುಡುಗ ನೇರವಾಗಿ ಹೋಗಿ, ನಿಮ್ಮ ವೇಳೆ ಬದಲಿಸಿಕೊಳ್ಳಿ ಎಂದ! ನಮ್ಮ ವಾಚನಾಲಯದ ಕಾರ್ಯದರ್ಶಿಗಳಾಗಿದ್ದರೆ ಏನೆನ್ನುತ್ತಿದ್ದರೋ. 30ರ ಬಾಜಾನ್ ದೈವಭಕ್ತರು, ಸೌಮ್ಯರು, ಮಾತು ತೊದಲುವವರು. ಸಿಡುಕದೆ ಹುಡುಗನೊಡನೆ ಹರಟೆಗೆ ಕುಳಿತರು.

ಸಂಘ ಸಾಲದಲ್ಲಿ ಮುಳುಗಿತು. ಸಾಕುತಂದೆಯೇ ಹುಡುಗನನ್ನು ಪೊಲೀಸರಿಗೆ ಒಪ್ಪಿಸಿದ. ಬಾಲಾಪರಾಧಿಗಳ ಕೇಂದ್ರದಿಂದ ಅವನನ್ನು ಬಿಡಿಸಿದ ಬಾಜಾನ್, ಬುದ್ಧಿವಾದದ ಬದಲು ತಮ್ಮ ಕಾರ್ಯದರ್ಶಿಯ ಕೆಲಸ ಕೊಟ್ಟರು. ಮುಂದೆ ಅವನು ಸೈನ್ಯ ಸೇರಿ, ಅಲ್ಲಿಂದಲೂ ಓಡಿ ಸಿಕ್ಕಿಬಿದ್ದ. ಮತ್ತೆ ಬಾಜಾನರೇ ಓಡಾಡಿದರು. 1952ರಲ್ಲಿ ಬಿಡುಗಡೆಯಾದಾಗ ದಂಪತಿಗಳು ಅವನನ್ನು ಮನೆಯಲ್ಲಿಯೇ ಇರಿಸಿಕೊಂಡರು. ಹುಡುಗ ಹಿಚ್‌ಕಾಕನನ್ನು ತಲೆಯ ಮೇಲೆ ಹೊತ್ತರೆ ಬಾಜಾನರಿಗೆ ಅಷ್ಟು ಒಪ್ಪಿಗೆಯಿರಲಿಲ್ಲ. ಆದರೂ ತಾವು ನಡೆಸುತ್ತಿದ್ದ 'ಕಾಯೇ ದು ಸಿನೆಮಾ' ಪತ್ರಿಕೆಯಲ್ಲಿ ಅವನಿಗೆ ಬರೆಯಲು ಬಿಟ್ಟರು.

1958ರ ನವೆಂಬರ್ 10ರಂದು ತ್ರುಫೋ ತನ್ನ ಮೊದಲ ದೊಡ್ಡ ಚಿತ್ರದ ಚಿತ್ರೀಕರಣ ಆರಂಭಿಸಿದ. ಅದೇ ರಾತ್ರಿ ಬಾಜಾನ್ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಕೇವಲ 40 ವರ್ಷ. ಮರುವರ್ಷ ಕಾನ್ ಉತ್ಸವದಲ್ಲಿ ಚಿತ್ರಕ್ಕೆ ನಿರ್ದೇಶನದ ಪ್ರಶಸ್ತಿ ಬಂತು. ಅದರಲ್ಲಿಯೂ ತಂದೆ ಹುಡುಗನನ್ನು ಪೊಲೀಸರಿಗೆ ಒಪ್ಪಿಸುತ್ತಾನೆ. ಬಿಡಿಸಲು ಮಾತ್ರ ಯಾರೂ ಬರುವುದಿಲ್ಲ. ಬಾಜಾನರ ಹೆಸರಿರುವುದು ಆರಂಭದ ಅರ್ಪಣೆಯಲ್ಲಿ.